ಕಾವಲುಗಾರರ ಸಂಬಳಕ್ಕೆ ಕೈ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸೆಕ್ಯುರಿಟಿ ಏಜೆನ್ಸಿ ಮಾಲೀಕರೇ,

ಕಾವಲುಗಾರರಿಗೆ ಒಪ್ಪಿದಷ್ಟು ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವವರು ನಿಮ್ಮಲ್ಲಿ ಇದ್ದಾರೆ. ಈ ಪತ್ರ ಅವರಿಗಲ್ಲ. ಸಂಬಳದ ಚೀಟಿಯ ಕೊನೆಗೆ ‘ಅದರ್ ಡಿಡಕ್ಷನ್’ ಎಂದು ಒಂದು ಸಾಲು ಸೇರಿಸಿ ಅದರ ಮುಂದೆ ತಮಗೆ ತೋಚಿದ ಅಂಕಿ ಬರೆಯುವವರಿಗೆ, ಚೀಟಿಯನ್ನೇ ಕೊಡದೆ ‘ಈ ತಿಂಗಳು ಇಷ್ಟೇ ಬರೋದು’ ಎಂದು ಫೋನಿನಲ್ಲಿ ಹೇಳಿ ಮುಗಿಸುವವರಿಗೆ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಸಂಬಳ ಯಾಕೆ ಕಡಿಮೆ ಬಂತು ಎಂದು ನಿಮ್ಮನ್ನು ಕೇಳಿದ ಕಾವಲುಗಾರನ ‘ಪಾಯಿಂಟ್’ ಕೆಲವೇ ದಿನಗಳಲ್ಲಿ ಬದಲಾಗುತ್ತದೆ. ಕೋಣೆಗೆ ಹತ್ತಿರವಿದ್ದ ಗೇಟು ಬಿಡಿಸಿ, ಎರಡು ಬಸ್ಸು ಹತ್ತಿಳಿದು ಹೋಗಬೇಕಾದ ಯಾವುದೋ ಗೋದಾಮಿಗೆ ಹಾಕುತ್ತೀರಿ. ಅದನ್ನು ನೋಡಿದ ಉಳಿದವರು ಬಾಯಿ ತೆರೆಯುವುದಿಲ್ಲ. ತಿಂಗಳ ಅನ್ನಕ್ಕೆ ನಿಮ್ಮ ಮುಖ ನೋಡಬೇಕಾಗಿಲ್ಲದ ನನ್ನಂಥವರು ಅವರ ಪರವಾಗಿ ಕೇಳಲೇಬೇಕು.

ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿ. ನಿವಾಸಿಗಳ ಸಂಘದ ಲೆಕ್ಕಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಏಜೆನ್ಸಿಯವರು ಸಂಘಕ್ಕೆ ಕಳಿಸುವ ಬಿಲ್ಲು ನನ್ನ ಕೈಗೆ ಬರುತ್ತದೆ. ಗೇಟಿನಲ್ಲಿ ನಿಲ್ಲುವವರು ‘ಸಾರ್, ಇದೇನಂತ ಸ್ವಲ್ಪ ನೋಡಿ’ ಎಂದು ಮೊಬೈಲಿನಲ್ಲಿ ತೋರಿಸುವ ಸಂಬಳದ ಚೀಟಿಯೂ ಬರುತ್ತದೆ. ನಮ್ಮಲ್ಲಿ ಮಾತ್ರವಲ್ಲ, ಅಕ್ಕಪಕ್ಕದ ಕಟ್ಟಡಗಳ ಕಾವಲುಗಾರರೂ ತಂದು ತೋರಿಸುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಬಂದವರಿದ್ದಾರೆ. ಅಸ್ಸಾಂ, ಒಡಿಶಾ, ಬಿಹಾರದಿಂದ ರೈಲು ಹತ್ತಿ ಬಂದವರಿದ್ದಾರೆ. ಇಂಗ್ಲಿಷಿನಲ್ಲಿ ಅಚ್ಚಾದ ಆ ಚೀಟಿಯಲ್ಲಿ ಅವರು ಓದುವುದು ಕಟ್ಟಕಡೆಯ ಅಂಕಿಯೊಂದನ್ನೇ. ಅದರ ಮೇಲಿರುವ ಸಾಲುಗಳು ನಿಮ್ಮ ಆಫೀಸಿನವರಿಗೆ ಮಾತ್ರ ಅರ್ಥವಾಗುವಂತೆ ಉಳಿದಿವೆ. ಈ ಪತ್ರದಲ್ಲಿ ಆ ಸಾಲುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದುತ್ತೇನೆ.

ಬೇರೆ ಬೇರೆ ಚೀಟಿಗಳಲ್ಲಿ ಕಂಡದ್ದನ್ನು ಒಂದೇ ಚೀಟಿಯಲ್ಲಿ ಕೂಡಿಸಿಕೊಳ್ಳೋಣ. ಲೆಕ್ಕ ಸುಲಭವಾಗಲಿ, ತಿಂಗಳ ಸಂಬಳ ₹16,000 ಎಂದಿಟ್ಟುಕೊಳ್ಳಿ. ಅದರಲ್ಲಿ ಪಿಎಫ್ ಲೆಕ್ಕಕ್ಕೆ ಬರುವುದು ₹15,000. ಪಿಎಫ್ ಎಂದು ಕಡಿತ ₹3,750. ಇಎಸ್‌ಐ ₹640. ವೃತ್ತಿ ತೆರಿಗೆ ₹200. ಸಮವಸ್ತ್ರದ ಕಂತು ₹500. ರಾತ್ರಿ ಪಾಳಿಯಲ್ಲಿ ತೂಕಡಿಸಿದ್ದಕ್ಕೆ ಫೈನು ₹500. ಒಂದು ದಿನ ಕಾಲು ಗಂಟೆ ತಡವಾಗಿ ಬಂದದ್ದಕ್ಕೆ ಅರ್ಧ ಡ್ಯೂಟಿ ಕಟ್, ₹308. ಎಲ್ಲ ಸೇರಿ ₹5,898 ಹೋಗಿ ಕೈಗೆ ಬಂದದ್ದು ₹10,102. ಇದರಲ್ಲಿ ಕಾನೂನು ಒಪ್ಪುವ ಕಡಿತ ಎಷ್ಟು? ಪಿಎಫ್ ₹1,800, ಇಎಸ್‌ಐ ₹120, ತಡವಾಗಿ ಬಂದದ್ದಕ್ಕೆ ಸುಮಾರು ₹19. ಒಟ್ಟು ₹1,939. ಉಳಿದ ₹3,959 ಆ ಮನುಷ್ಯನದು. ಊರಿನಲ್ಲಿ ಮಗಳ ಶಾಲೆಯ ಫೀಸು ಕಟ್ಟಬಹುದಾಗಿದ್ದ, ತಾಯಿಯ ಔಷಧಿ ತರಬಹುದಾಗಿದ್ದ ಹಣ ಅದು.

ಈ ಕಡಿತಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವುಂಟುಮಾಡುವುದು ಪಿಎಫ್. ನೌಕರನ ಪಾಲು ಶೇಕಡಾ 12. ಮಾಲೀಕನ ಪಾಲು ಇನ್ನೊಂದು ಶೇಕಡಾ 12. ಅದರ ಮೇಲೆ ವಿಮೆ, ಆಡಳಿತ ವೆಚ್ಚ ಸೇರಿ ಮಾಲೀಕ ಕಟ್ಟಬೇಕಾದದ್ದು ಶೇಕಡಾ 13ರ ಹತ್ತಿರ ಬರುತ್ತದೆ. ₹15,000ಕ್ಕೆ ಅದು ₹1,950. ಆ ₹1,950ನ್ನೂ ನೀವು ಕಾವಲುಗಾರನ ಸಂಬಳದಿಂದಲೇ ತೆಗೆಯುತ್ತೀರಿ. ಮಾಲೀಕನು ತನ್ನ ಪಾಲನ್ನು ನೌಕರನ ಸಂಬಳದಿಂದ ಹಿಡಿಯುವಂತಿಲ್ಲ ಎಂದು 1952ರ ಭವಿಷ್ಯ ನಿಧಿ ಯೋಜನೆ ಸ್ಪಷ್ಟವಾಗಿ ಹೇಳಿದೆ. ಅದಕ್ಕೂ ಮೊದಲು, 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಇಎಸ್‌ಐ ವಿಚಾರದಲ್ಲಿ ಇದೇ ಮಾತು ಹೇಳಿತ್ತು. 2019ರ ಜುಲೈನಿಂದ ಇಎಸ್‌ಐಗೆ ನೌಕರನ ಪಾಲು ಶೇಕಡಾ 0.75, ಮಾಲೀಕನ ಪಾಲು ಶೇಕಡಾ 3.25. ₹16,000ಕ್ಕೆ ನೌಕರ ಕೊಡಬೇಕಾದದ್ದು ₹120. ನೀವು ಕೊಡಬೇಕಾದ ₹520 ಕೂಡ ಅವನ ಲೆಕ್ಕದಲ್ಲೇ ಸೇರಿಹೋಗಿದೆ.

ಇಲ್ಲಿ ನಿಮ್ಮ ಬಿಲ್ಲನ್ನೂ ಎತ್ತಿಕೊಳ್ಳುತ್ತೇನೆ. ಏಜೆನ್ಸಿಗಳು ಸಂಘಕ್ಕೆ ಕೊಡುವ ದರಪಟ್ಟಿಯಲ್ಲಿ ಒಬ್ಬ ಕಾವಲುಗಾರನ ತಲೆಗೆ ಇಷ್ಟು ಮೂಲ ವೇತನ, ಇಷ್ಟು ತುಟ್ಟಿಭತ್ಯೆ, ಮಾಲೀಕರ ಪಿಎಫ್ ಶೇಕಡಾ 13, ಮಾಲೀಕರ ಇಎಸ್‌ಐ ಶೇಕಡಾ 3.25, ಬೋನಸ್, ಸಮವಸ್ತ್ರ, ರಿಲೀವರ್ ಖರ್ಚು ಎಂದು ಸಾಲಾಗಿ ಬರೆದು, ಅದೆಲ್ಲದರ ಮೇಲೆ ಸರ್ವಿಸ್ ಚಾರ್ಜ್ ಮತ್ತು ಜಿಎಸ್‌ಟಿ ಹಾಕಿರುತ್ತಾರೆ. ನಾವು ಕೊಡುತ್ತೇವೆ. ಅಂದರೆ ಮಾಲೀಕರ ಪಾಲಿನ ಪಿಎಫ್ ಅನ್ನು ನೀವು ನಮ್ಮಿಂದ ಆಗಲೇ ವಸೂಲು ಮಾಡಿಯಾಗಿದೆ. ಸಮವಸ್ತ್ರದ ಹಣವೂ ಸಂದಾಯವಾಗಿದೆ. ಅದೇ ಪಿಎಫ್‌ಗೆ, ಅದೇ ಅಂಗಿ ಪ್ಯಾಂಟಿಗೆ, ಅದೇ ತಿಂಗಳು ಕಾವಲುಗಾರನಿಂದ ಮತ್ತೊಮ್ಮೆ ಹಣ ತೆಗೆದುಕೊಳ್ಳುತ್ತೀರಿ. ಒಬ್ಬನ ತಲೆಯ ಮೇಲೆ ತಿಂಗಳಿಗೆ ₹1,950 ಎಂದರೆ ವರ್ಷಕ್ಕೆ ₹23,400. ನಲವತ್ತು ಜನ ಕೆಲಸ ಮಾಡುವ ಒಂದು ಸಣ್ಣ ಏಜೆನ್ಸಿಯಲ್ಲಿ ಇದು ಒಂಬತ್ತು ಲಕ್ಷ ದಾಟುತ್ತದೆ. ಪೈಪೋಟಿ ಜಾಸ್ತಿ, ಮಾರ್ಜಿನ್ ಕಡಿಮೆ ಎಂದು ಹೇಳುತ್ತೀರಲ್ಲ, ಆ ಮಾರ್ಜಿನ್ ಎಲ್ಲಿಂದ ತುಂಬಿಕೊಳ್ಳುತ್ತಿದೆ ಎಂಬುದು ಈ ಎರಡು ಕಾಗದಗಳನ್ನು ಜೊತೆಗಿಟ್ಟರೆ ಕಾಣುತ್ತದೆ.

ಹಿಡಿದ ಪಿಎಫ್ ಖಾತೆಗೆ ಹೋಗದೇ ಇದ್ದರಂತೂ ಅದು ಸಂಬಳದ ತಕರಾರಿನ ಗಡಿ ದಾಟಿತು. ನೌಕರನ ಪಾಲನ್ನು ಸಂಬಳದಿಂದ ಹಿಡಿದುಕೊಂಡ ಮಾಲೀಕ, ಆ ಹಣವನ್ನು ನಂಬಿಕೆಯ ಮೇಲೆ ವಹಿಸಿಕೊಂಡವನು ಎಂದೇ ಕಾನೂನು ಪರಿಗಣಿಸುತ್ತದೆ. ನಿಧಿಗೆ ಕಟ್ಟದೆ ಉಳಿಸಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 405ನೇ ಕಲಮಿನ ವಿವರಣೆಯಲ್ಲಿ ಇದ್ದ ಈ ಮಾತು ಈಗ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿದೆ. ಪ್ರತಿ ತಿಂಗಳು 15ರೊಳಗೆ ಹಿಂದಿನ ತಿಂಗಳ ಪಿಎಫ್ ಕಟ್ಟಿರಬೇಕು. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಕೈಯಲ್ಲಿದ್ದರೆ ಯಾವ ಕಾವಲುಗಾರನೂ ತನ್ನ ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ತೆರೆದು ನೋಡಬಹುದು. ನಿಮ್ಮಲ್ಲಿ ಕೆಲವರು ಆ ಸಂಖ್ಯೆಯನ್ನೇ ತಿಳಿಸದೆ ಇಟ್ಟುಕೊಳ್ಳುವುದು ಏಕೆಂದು ನನಗೆ ಗೊತ್ತು.

ವೃತ್ತಿ ತೆರಿಗೆಯದು ಚಿಕ್ಕ ಮಾತು, ಆದರೆ ಹೇಳಬೇಕು. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ ₹25,000ಕ್ಕಿಂತ ಕಡಿಮೆ ಸಂಬಳ ಇರುವವರಿಗೆ ವೃತ್ತಿ ತೆರಿಗೆ ಇಲ್ಲ. ಹದಿನಾರು ಸಾವಿರದವನಿಂದ ಹಿಡಿಯುವ ಇನ್ನೂರು ರೂಪಾಯಿಯನ್ನು ನೀವು ಯಾವ ಇಲಾಖೆಗೆ ಕಟ್ಟುತ್ತಿದ್ದೀರಿ?

ಇನ್ನು ದಂಡದ ವಿಷಯ. ರಾತ್ರಿ ಎರಡು ಗಂಟೆಗೆ ಫೀಲ್ಡ್ ಆಫೀಸರ್ ಬೈಕಿನಲ್ಲಿ ಬಂದು, ಕುರ್ಚಿಯಲ್ಲಿ ತಲೆ ವಾಲಿದವನ ಫೋಟೋ ತೆಗೆದು, ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಕೆಳಗೆ ‘500 ಫೈನ್’ ಎಂದು ಬರೆಯುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಆ ಕಾವಲುಗಾರ ಹಗಲು ಪಾಳಿ ಮುಗಿಸಿ, ರಿಲೀವರ್ ಬರಲಿಲ್ಲವೆಂದು ರಾತ್ರಿ ಪಾಳಿಗೂ ನಿಂತಿದ್ದನೇ ಎಂದು ಕೇಳುವವರಿಲ್ಲ. ಕಾವಲುಗಾರ ನಿದ್ದೆ ಮಾಡಬಾರದು ಎಂಬುದರಲ್ಲಿ ನನಗೆ ತಕರಾರಿಲ್ಲ. ಆ ಕಟ್ಟಡದಲ್ಲಿ ಮಲಗುವವನು ನಾನೇ. ಆದರೆ ದಂಡ ಹಾಕುವುದಕ್ಕೆ ಒಂದು ಕ್ರಮವಿದೆ. ಯಾವ ಯಾವ ತಪ್ಪಿಗೆ ದಂಡ ಎಂದು ಸರ್ಕಾರದ ಒಪ್ಪಿಗೆ ಪಡೆದ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಮೊದಲೇ ಹಾಕಿರಬೇಕು. ದಂಡಕ್ಕೆ ಮುಂಚೆ ಆ ನೌಕರನಿಗೆ ಕಾರಣ ಹೇಳುವ ಅವಕಾಶ ಕೊಡಬೇಕು. ಒಂದು ತಿಂಗಳಲ್ಲಿ ಹಾಕಿದ ಎಲ್ಲ ದಂಡ ಸೇರಿ ಆ ತಿಂಗಳ ಸಂಬಳದ ಶೇಕಡಾ 3ನ್ನು ಮೀರಬಾರದು. ಕಂತಿನಲ್ಲಿ ವಸೂಲು ಮಾಡುವಂತಿಲ್ಲ, 90 ದಿನ ಕಳೆದ ಮೇಲೂ ಮಾಡುವಂತಿಲ್ಲ. ಹದಿನಾರು ಸಾವಿರಕ್ಕೆ ಶೇಕಡಾ 3 ಎಂದರೆ ₹480. ಕ್ರಮವನ್ನೆಲ್ಲ ಪಾಲಿಸಿದ್ದರೂ ನಿಮ್ಮ ಐನೂರರ ಫೈನು ಮಿತಿ ದಾಟಿಯೇ ಇದೆ. ಇನ್ನೊಂದು ಮಾತು ಬಹುಶಃ ನಿಮ್ಮಲ್ಲಿ ಹೆಚ್ಚಿನವರು ಓದಿರಲಾರರು: ದಂಡದಿಂದ ಬಂದ ಹಣ ಮಾಲೀಕನ ಆದಾಯವಾಗುವಂತಿಲ್ಲ. ಅದನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಅಧಿಕಾರಿಗಳು ಒಪ್ಪಿದ ರೀತಿಯಲ್ಲಿ ನೌಕರರ ಒಳಿತಿಗೇ ಖರ್ಚು ಮಾಡಬೇಕು. ಆ ರಿಜಿಸ್ಟರನ್ನು ಒಮ್ಮೆ ತೋರಿಸಿ.

ಇದು ಹೊಸ ಸರ್ಕಾರದ ಹೊಸ ಕಿರಿಕಿರಿ ಎಂದುಕೊಳ್ಳಬೇಡಿ. ಗಿರಣಿಗಳಲ್ಲಿ ಮಾಲೀಕರು ಮನಸ್ಸಿಗೆ ಬಂದಂತೆ ದಂಡ ಹಾಕಿ ಕೂಲಿ ಕತ್ತರಿಸುತ್ತಿದ್ದುದನ್ನು ಬ್ರಿಟಿಷರ ಕಾಲದ ರಾಯಲ್ ಕಮಿಷನ್ 1931ರ ವರದಿಯಲ್ಲಿ ಎತ್ತಿ ತೋರಿಸಿತು. ಅದರ ಬೆನ್ನಲ್ಲೇ ವೇತನ ಪಾವತಿ ಕಾಯ್ದೆ 1936ರಲ್ಲಿ ಬಂತು. ಆಗ ದಂಡದ ಮಿತಿ ರೂಪಾಯಿಗೆ ಅರ್ಧ ಆಣೆ; ಲೆಕ್ಕ ಹಾಕಿದರೆ ಶೇಕಡಾ 3ರ ಆಸುಪಾಸು. ಪರಾಯಿ ಆಳ್ವಿಕೆಯಲ್ಲೂ ಗಿರಣಿ ಕೂಲಿಯವನಿಗೆ ಸಿಕ್ಕಿದ್ದ ಆ ರಕ್ಷಣೆ ಇಂದು ಬೆಂಗಳೂರಿನ ಗೇಟಿನಲ್ಲಿ ನಿಂತವನಿಗೆ ಸಿಗುತ್ತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019, ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಹಳೆಯದು ತಿಂಗಳಿಗೆ ₹24,000ದವರೆಗಿನ ಸಂಬಳದವರಿಗೆ ಮಾತ್ರ ಅನ್ವಯವಾಗುತ್ತಿತ್ತು. ಹೊಸದಕ್ಕೆ ಆ ಮಿತಿಯಿಲ್ಲ. ಲಕ್ಷ ಸಂಬಳದ ಸಾಫ್ಟ್‌ವೇರ್ ನೌಕರರಿಗೂ ಅದೇ ನಿಯಮ, ಅವರ ಗೇಟಿನ ಕಾವಲುಗಾರರಿಗೂ ಅದೇ.

ತಡವಾಗಿ ಬಂದದ್ದಕ್ಕೆ ಅರ್ಧ ದಿನ ಕತ್ತರಿಸುವುದು ಎಲ್ಲೆಡೆ ಎಷ್ಟು ರೂಢಿಯಾಗಿದೆಯೆಂದರೆ ಕಾವಲುಗಾರರೇ ಅದನ್ನು ನ್ಯಾಯ ಎಂದುಕೊಂಡಿದ್ದಾರೆ. ಕಾನೂನಿನ ಲೆಕ್ಕ ಬೇರೆ. ಎಷ್ಟು ಹೊತ್ತು ಗೈರೋ ಅಷ್ಟೇ ಹೊತ್ತಿನ ಸಂಬಳ ಹಿಡಿಯಬಹುದು. ಹದಿನಾರು ಸಾವಿರವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ ₹615. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ₹77. ಕಾಲು ಗಂಟೆಗೆ ₹19. ನೀವು ಮಾಡಿಸುವ ಹನ್ನೆರಡು ಗಂಟೆಯ ಡ್ಯೂಟಿಯ ಲೆಕ್ಕ ಹಿಡಿದರೆ ಹದಿಮೂರು ರೂಪಾಯಿ. ಅಂದ ಹಾಗೆ, ಆ ಹನ್ನೆರಡು ಗಂಟೆಯಲ್ಲಿ ಹೆಚ್ಚುವರಿ ನಾಲ್ಕು ಗಂಟೆಗೆ ದುಪ್ಪಟ್ಟು ದರ ಕೊಡಬೇಕು. ಅದನ್ನು ಕೊಡದಿರುವುದು ಚೀಟಿಯಲ್ಲಿ ಕಡಿತವಾಗಿ ಕಾಣಿಸುವುದೇ ಇಲ್ಲ. ಹನ್ನೆರಡು ಗಂಟೆಗೂ ‘ಒಂದು ಡ್ಯೂಟಿ’ ಎಂದೇ ಬರೆಯುತ್ತೀರಿ. ಆ ವಿಷಯಕ್ಕೆ ಬೇರೆಯೇ ಒಂದು ಪತ್ರ ಬೇಕು.

ಸಮವಸ್ತ್ರದ ಬಗ್ಗೆ ನಿಮ್ಮವರೊಬ್ಬರು ನನಗೆ ಕೊಟ್ಟ ಉತ್ತರ, ‘ಬಟ್ಟೆ ಹಾಕಿಕೊಳ್ಳುವವರು ಅವರು, ದುಡ್ಡು ಕೊಡಲಿ’ ಎಂದು. ಸಂಬಳದಿಂದ ಏನೇನು ಹಿಡಿಯಬಹುದು ಎಂಬುದಕ್ಕೆ ಕಾನೂನಿನಲ್ಲಿ ಒಂದು ಪಟ್ಟಿ ಇದೆ: ದಂಡ, ಗೈರುಹಾಜರಿ, ತನ್ನ ವಶಕ್ಕೆ ಕೊಟ್ಟ ವಸ್ತುವಿಗೆ ತನ್ನ ಅಲಕ್ಷ್ಯದಿಂದ ಆದ ನಷ್ಟ, ಕೊಟ್ಟ ಮನೆಯ ಬಾಡಿಗೆ, ಅಡ್ವಾನ್ಸು, ಸಾಲ, ಆದಾಯ ತೆರಿಗೆ, ನ್ಯಾಯಾಲಯದ ಆದೇಶ, ಪಿಎಫ್, ವಿಮೆ, ಸಹಕಾರ ಸಂಘದ ಬಾಕಿ ಹೀಗೆ. ಆ ಪಟ್ಟಿಯ ಹೊರಗಿನ ಯಾವುದನ್ನೂ ಹಿಡಿಯುವಂತಿಲ್ಲ. ಸಮವಸ್ತ್ರ ಅದರಲ್ಲಿಲ್ಲ. ಸೌಕರ್ಯ, ಸೇವೆಗಳಿಗೆ ಹಣ ಹಿಡಿಯಬಹುದು ಎಂಬ ಒಂದು ಬಾಬ್ತು ಇದೆ. ಆದರೆ ಅದಕ್ಕೆ ಸರ್ಕಾರದ ಅನುಮತಿ ಬೇಕು, ಕೆಲಸಕ್ಕೆ ಬೇಕಾದ ಸಲಕರಣೆಗಳನ್ನು ಆ ಸೇವೆಯಲ್ಲಿ ಸೇರಿಸುವಂತಿಲ್ಲ ಎಂದು ಅಲ್ಲೇ ಬರೆದಿದೆ. ನೀಲಿ ಅಂಗಿ, ಬೂಟು, ಟೋಪಿ, ಸೀಟಿ ಇವುಗಳನ್ನು ಯಾರೂ ಮದುವೆಗೆ ಹಾಕಿಕೊಂಡು ಹೋಗುವುದಿಲ್ಲ. ಕೆಲಸ ಬಿಟ್ಟ ದಿನ ಅವುಗಳನ್ನು ವಾಪಸು ಇಸಿದುಕೊಂಡು ಮುಂದಿನವನಿಗೆ ಕೊಟ್ಟು ಮತ್ತೆ ಹಣ ಹಿಡಿಯುತ್ತೀರಿ.

ಕೆಲಸಕ್ಕೆ ಸೇರುವಾಗ ಟ್ರೈನಿಂಗ್ ಚಾರ್ಜ್, ಪೊಲೀಸ್ ವೆರಿಫಿಕೇಷನ್ ಚಾರ್ಜ್ ಎಂದು ಕೈಯಲ್ಲಿ ತೆಗೆದುಕೊಳ್ಳುವವರು ‘ಇದು ಸಂಬಳದಿಂದ ಹಿಡಿದದ್ದಲ್ಲವಲ್ಲ’ ಎನ್ನುತ್ತಾರೆ. ನೌಕರನು ಮಾಲೀಕನಿಗಾಗಲಿ ಅವನ ಏಜೆಂಟನಿಗಾಗಲಿ ಕೊಡುವ ಯಾವುದೇ ಹಣವನ್ನು ಸಂಬಳದ ಕಡಿತವೆಂದೇ ಪರಿಗಣಿಸಬೇಕು ಎಂದು 1936ರ ಕಾಯ್ದೆಯೂ ಹೇಳಿತ್ತು, ಹೊಸ ಸಂಹಿತೆಯೂ ಹೇಳುತ್ತದೆ. ಕಾವಲುಗಾರರಿಗೆ ತರಬೇತಿ ಕೊಡಿಸುವ ಹೊಣೆಯನ್ನು ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ, 2005, ಏಜೆನ್ಸಿಯ ಮೇಲೇ ಹೊರಿಸಿದೆ. ಆ ಕಾಯ್ದೆಯಡಿಯ ಲೈಸೆನ್ಸು ನಿಮ್ಮ ಆಫೀಸಿನ ಗೋಡೆಯ ಮೇಲೆ ಫ್ರೇಮಿನಲ್ಲಿ ತೂಗುತ್ತಿದೆ.

ಈಗ ನನ್ನದೇ ಜನರಿಗೆ, ಅಪಾರ್ಟ್‌ಮೆಂಟ್ ಸಂಘಗಳವರಿಗೆ, ಒಂದೆರಡು ಮಾತು ಹೇಳಬೇಕು. ಅವರೂ ಈ ಪತ್ರ ಓದುತ್ತಾರೆ.

ಪಾರ್ಕಿಂಗಿನಲ್ಲಿ ಒಂದು ಸೈಕಲ್ ಕಾಣೆಯಾದರೆ ನಿವಾಸಿಗಳ ಗುಂಪಿನಲ್ಲಿ ಮೊದಲು ಬರುವ ಮೆಸೇಜು ‘ಸೆಕ್ಯುರಿಟಿಯವರ ಸಂಬಳದಲ್ಲಿ ಹಿಡಿಯಿರಿ’ ಎಂದು. ಏಜೆನ್ಸಿಯವರು ಗಿರಾಕಿ ಕೈತಪ್ಪೀತೆಂದು ಹೆದರಿ ಆ ಪಾಳಿಯ ನಾಲ್ವರಿಂದಲೂ ತಲಾ ಸಾವಿರ ಹಿಡಿಯುತ್ತಾರೆ. ಆ ಸೈಕಲ್ ನಿರ್ದಿಷ್ಟವಾಗಿ ಯಾರ ವಶಕ್ಕೆ ಕೊಟ್ಟದ್ದಾಗಿತ್ತು? ಅದು ಹೋದದ್ದು ಯಾರ ಅಲಕ್ಷ್ಯದಿಂದ? ಅವರನ್ನು ಕೇಳಿದಿರಾ? ಸೈಕಲ್ಲಿನ ಬೆಲೆಗಿಂತ ಹೆಚ್ಚು ಹಿಡಿದಿಲ್ಲವೆಂಬುದಕ್ಕೆ ಲೆಕ್ಕವಿದೆಯೇ? ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಇದ್ದರೆ ಮಾತ್ರ ನಷ್ಟದ ಬಾಬ್ತಿನಲ್ಲಿ ಒಂದು ರೂಪಾಯಿ ಹಿಡಿಯಬಹುದು. ಇಪ್ಪತ್ತು ಮಹಡಿಯ ಮೇಲೆ ಕೂತು ಮೊಬೈಲಿನಲ್ಲಿ ತೀರ್ಪು ಬರೆಯುವ ನಮಗೆ, ಸಾವಿರ ರೂಪಾಯಿ ಹೋದ ಮನೆಯಲ್ಲಿ ಆ ತಿಂಗಳು ಏನಾಗುತ್ತದೆ ಎಂಬ ಅರಿವು ಇರಬೇಕು.

ಏಜೆನ್ಸಿಗೆ ದುಡ್ಡು ಕೊಟ್ಟಾಯಿತು, ಮುಂದಿನದು ಅವರ ಪಾಡು ಎಂಬ ಮಾತೂ ನಿಲ್ಲುವುದಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡವನು ಕೊಡಬೇಕು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ವೇತನ ಸಂಹಿತೆಯೂ ಕೆಲಸ ನಡೆದ ಸಂಸ್ಥೆಯ ಮೇಲೆ ಆ ಹೊಣೆ ಇಟ್ಟಿದೆ. ಹಾಗಾಗಿ ಸಂಘದವರು ಬಿಲ್ಲು ಪಾಸು ಮಾಡುವ ಮುಂಚೆ ಹಿಂದಿನ ತಿಂಗಳ ಪಿಎಫ್ ಚಲನ್, ಇಎಸ್‌ಐ ಚಲನ್, ಪ್ರತಿಯೊಬ್ಬರ ಸಂಬಳದ ಚೀಟಿ ಕೇಳಬೇಕು. ಚಲನ್ನಿನಲ್ಲಿ ನಮ್ಮ ಗೇಟಿನವರ ಹೆಸರು ಇದೆಯೇ ಎಂದು ಬೆರಳಿಟ್ಟು ನೋಡಬೇಕು. ಒಟ್ಟು ಮೊತ್ತ ನೋಡಿ ಸಹಿ ಹಾಕಿದರೆ ಸಾಲದು. ತೀರಾ ಕಡಿಮೆ ದರ ಬರೆದ ಏಜೆನ್ಸಿಯನ್ನೇ ಆರಿಸಿಕೊಂಡು ಬೀಗುವ ಸಂಘಗಳು, ಕನಿಷ್ಠ ವೇತನ, ಪಿಎಫ್, ಇಎಸ್‌ಐ ಕೂಡಿಸಿದರೆ ಬರುವ ಮೊತ್ತಕ್ಕಿಂತ ಆ ದರ ಕಡಿಮೆ ಇದ್ದರೆ ಆ ವ್ಯತ್ಯಾಸ ಯಾರ ಜೇಬಿನಿಂದ ಬರುತ್ತದೆ ಎಂದು ಲೆಕ್ಕ ಹಾಕಲಿ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ, ಮಾಲೀಕರೇ. ‘ಐನೂರು, ಮುನ್ನೂರು ರೂಪಾಯಿಗೆ ಇಷ್ಟು ದೊಡ್ಡ ಮಾತೇ?’ ಎಂದು ನೀವು ಕೇಳಬಹುದು. ಒಂದು ರೂಪಾಯಿಯ ಕಥೆ ಹೇಳುತ್ತೇನೆ. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡಾಕೂಟಕ್ಕೆ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟುತ್ತಿದ್ದಾಗ ಕೂಲಿಕಾರರ ದಿನದ ಕನಿಷ್ಠ ವೇತನ ₹9.25. ಗುತ್ತಿಗೆದಾರರು ಆ ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ಒಬ್ಬೊಬ್ಬರಿಂದ ದಿನಕ್ಕೆ ಒಂದು ರೂಪಾಯಿ ಕಮಿಷನ್ ಹಿಡಿದುಕೊಂಡು ₹8.25 ಕೊಡುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಇದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರದ ಮೂಲಕ ತಿಳಿಸಿತು. ಆ ಪತ್ರವೇ ರಿಟ್ ಅರ್ಜಿಯಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಏನು ಹೇಳಿತೆಂದರೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಬಂದೂಕು ತೋರಿಸಿ ದುಡಿಸಿದರೆ ಮಾತ್ರ ಬಲವಂತವಲ್ಲ. ಹಸಿವು, ಬಡತನ ಬೇರೆ ದಾರಿಯೇ ಇಲ್ಲದಂತೆ ಮಾಡಿ ಒಪ್ಪಿಸಿದರೂ ಅದು ಬಲವಂತವೇ. ಕೆಲಸ ಮಾಡಿಸುತ್ತಿದ್ದ ಸರ್ಕಾರಿ ಸಂಸ್ಥೆಗಳು ಗುತ್ತಿಗೆದಾರರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದೂ ಕೋರ್ಟು ಹೇಳಿತು. ಒಂಬತ್ತೂಕಾಲು ರೂಪಾಯಿಯಲ್ಲಿ ಒಂದು ರೂಪಾಯಿಗೆ ಈ ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಬೆಲೆ ಇದು. ನಿಮ್ಮ ಚೀಟಿಯಲ್ಲಿ ಹದಿನಾರು ಸಾವಿರಕ್ಕೆ ಸುಮಾರು ನಾಲ್ಕು ಸಾವಿರ ಹೋಗಿದೆ. ಪಾಲು ನೋಡಿದರೆ ನೀವು ಆ ಜಮಾದಾರನಿಗಿಂತ ಎರಡು ಪಟ್ಟು ಹೆಚ್ಚು ಹಿಡಿದಿದ್ದೀರಿ.

ನಿಮ್ಮ ಲೆಕ್ಕಿಗರೊಬ್ಬರು ಒಮ್ಮೆ ‘ಅರ್ಧದವರೆಗೆ ಹಿಡಿಯಲು ಕಾನೂನಿನಲ್ಲೇ ಅವಕಾಶವಿದೆ’ ಎಂದರು. ಈ ತಪ್ಪು ತಿಳಿವಳಿಕೆ ಬಹಳ ಕಡೆ ಹರಡಿದೆ. ಒಟ್ಟು ಕಡಿತ ಸಂಬಳದ ಶೇಕಡಾ 50 ಮೀರಬಾರದು ಎಂಬ ಮಾತು ಇರುವುದು ನಿಜ. ಅದು ನ್ಯಾಯವಾದ ಕಡಿತಗಳಿಗೂ ಹಾಕಿದ ಮೇಲ್ಮಿತಿ. ಸಾಲ, ಅಡ್ವಾನ್ಸು, ಪಿಎಫ್ ಎಲ್ಲ ಸರಿಯಾಗಿಯೇ ಹಿಡಿದರೂ ಆ ಮನುಷ್ಯ ತಿಂಗಳ ಕೊನೆಗೆ ಬರಿಗೈಯಲ್ಲಿ ಮನೆಗೆ ಹೋಗಬಾರದೆಂದು ಇಟ್ಟದ್ದು. ಹಿಡಿಯಬಾರದ್ದನ್ನು ಹಿಡಿದರೆ ಹತ್ತು ರೂಪಾಯಿಯೂ ಅಕ್ರಮವೇ. ಹಾಗೆಯೇ ಸೇರುವ ದಿನ ಇಂಗ್ಲಿಷ್ ಕಾಗದದ ಮೇಲೆ ಹಾಕಿಸಿಕೊಂಡ ಹೆಬ್ಬೆಟ್ಟನ್ನು ತೋರಿಸಬೇಡಿ. ಕಾನೂನು ಕೊಟ್ಟ ಹಣವನ್ನು ಬಿಟ್ಟುಕೊಡುತ್ತೇನೆಂಬ ಕರಾರಿಗೆ ಬೆಲೆಯಿಲ್ಲ.

ಕೆಲಸ ಬಿಟ್ಟವರ ಕಥೆ ಇನ್ನೂ ಕಷ್ಟದ್ದು. ಊರಿನಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ಹೊರಟವನ ಕೊನೆಯ ತಿಂಗಳ ಸಂಬಳ ‘ಹೋಲ್ಡ್’ ಆಗುತ್ತದೆ. ಮುಂದಿನ ತಿಂಗಳು ಬಾ, ಕ್ಲಿಯರೆನ್ಸ್ ತಾ, ಬದಲಿ ಆಳು ಕೊಡು ಎನ್ನುತ್ತೀರಿ. ದೇವದುರ್ಗದಿಂದ ಬೆಂಗಳೂರಿಗೆ ಬಂದು ಹೋಗುವ ಖರ್ಚು ನೋಡಿ ಎಷ್ಟೋ ಜನ ಆ ಹಣದ ಆಸೆಯನ್ನೇ ಬಿಡುತ್ತಾರೆ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ, ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಸಂಹಿತೆ ಹೇಳುತ್ತದೆ. ನೋಟಿಸಿನ ಬಗ್ಗೆ ನಿಮ್ಮದೇನಾದರೂ ತಕರಾರಿದ್ದರೆ ಅದನ್ನು ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಿ. ದುಡಿದ ದಿನಗಳ ಕೂಲಿಯನ್ನು ಅದಕ್ಕೆ ಒತ್ತೆ ಇಟ್ಟುಕೊಳ್ಳಬೇಡಿ.

ಈ ಜನ ಎಂದೂ ತಿರುಗಿ ಕೇಳುವುದಿಲ್ಲ ಎಂದು ನಂಬಿ ಕೂರುವುದು ಒಳ್ಳೆಯದಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಸಂಬಳ ಕಡಿಮೆ ಬಂತು, ತಡವಾಗಿ ಬಂತು ಎಂದು ದೂರುತ್ತಿದ್ದ ಕಾರ್ಮಿಕರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದವರು. ರಾತ್ರಿ ಪಾಳಿ ಮುಗಿದ ಹೊತ್ತಿಗೆ ಗಾಜು ಒಡೆಯಿತು, ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಕೆಲವೇ ದಿನಗಳಲ್ಲಿ ಕಂಪನಿ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಆರ್ಡರುಗಳನ್ನು ತಡೆಹಿಡಿಯಿತು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಜೈಲಿಗೆ ಹೋದವರು ಇಪ್ಪತ್ತು, ಇಪ್ಪತ್ತೆರಡರ ಹುಡುಗರು, ಮತ್ತು ಆ ನಷ್ಟ ಅವರ ಮನೆಗಳಿಗೇ ಆಯಿತು. ಅವರು ಕೇಳಿದಾಗಲೇ ಯಾರಾದರೂ ಚೀಟಿ ನೋಡಿ ಸರಿಪಡಿಸಿದ್ದರೆ ಆ ಬೆಳಗು ಬರುತ್ತಿರಲಿಲ್ಲ.

ಕಾವಲುಗಾರರಿಗೆ ಕಾನೂನಿನ ದಾರಿ ಇದೆ ಎಂಬುದನ್ನು ನಿಮ್ಮೆದುರೇ ಹೇಳುತ್ತೇನೆ, ಅವರಿಗೂ ಹೇಳಿದ್ದೇನೆ. ಕಾರ್ಮಿಕ ಇಲಾಖೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಒಬ್ಬರೇ ಹಾಕಬಹುದು, ನಲವತ್ತು ಜನ ಸೇರಿ ಒಂದೇ ಅರ್ಜಿ ಹಾಕಬಹುದು, ನೋಂದಾಯಿತ ಕಾರ್ಮಿಕ ಸಂಘದ ಮೂಲಕವೂ ಹಾಕಬಹುದು. ಹಳೆಯ ಕಾಯ್ದೆ ಒಂದು ವರ್ಷದ ಗಡುವು ಕೊಡುತ್ತಿತ್ತು, ಈಗ ಮೂರು ವರ್ಷ. ಹಿಡಿದ ಹಣ ವಾಪಸು ಕೊಡಿಸುವುದರ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸಾಕ್ಷಿಯ ವಿಷಯ. ಅಕ್ರಮವಾಗಿ ಹಿಡಿದಿದ್ದಾರೆ ಎಂದು ನೌಕರ ದೂರು ಕೊಟ್ಟರೆ, ಪೂರ್ತಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಭಾರ ಮಾಲೀಕನ ಮೇಲೆ ಬೀಳುತ್ತದೆ. ಚೀಟಿ ಕೊಡದೆ, ರಿಜಿಸ್ಟರ್ ಇಡದೆ ಬಚಾವಾಗುತ್ತೇವೆ ಎಂದುಕೊಂಡವರಿಗೆ ಆ ಇಲ್ಲದ ಕಾಗದವೇ ಮುಳುವಾಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವೂ ಇದೆ.

ಈ ದಾರಿ ಹೂವಿನದೆಂದು ನಾನು ಯಾರಿಗೂ ಹೇಳುವುದಿಲ್ಲ. ಕಡಿಮೆ ಸಂಬಳ ಕೊಟ್ಟ ಅಪರಾಧಕ್ಕೆ ಮೊದಲ ಸಲ ಐವತ್ತು ಸಾವಿರದವರೆಗೆ ಮಾತ್ರ ದಂಡ. ಅದರ ಅರ್ಧ ಕಟ್ಟಿ ರಾಜಿಯಾಗಲೂ ಸಂಹಿತೆಯಲ್ಲಿ ಅವಕಾಶವಿದೆ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮಾತ್ರ ಮೂರು ತಿಂಗಳವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡದ ಮಾತು ಬರುತ್ತದೆ. ವರ್ಷಕ್ಕೆ ಒಂಬತ್ತು ಲಕ್ಷ ಉಳಿಸಿಕೊಳ್ಳುವವನಿಗೆ ಐವತ್ತು ಸಾವಿರ ಹೆದರಿಕೆ ಹುಟ್ಟಿಸುವ ಮೊತ್ತವಲ್ಲ. ಇನ್‌ಸ್ಪೆಕ್ಟರುಗಳನ್ನು ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’ ಮಾಡಿ, ಸಲಹೆ ಕೊಡುವವರನ್ನಾಗಿಸಿದ್ದು ನನಗೆ ಸರಿಕಾಣುವುದಿಲ್ಲ. ಕೂಲಿ ಕದ್ದವನಿಗೆ ಸಲಹೆಯ ಕೊರತೆ ಇರಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಂದು ದಿನ ಹೋಗಬೇಕೆಂದರೆ ಕಾವಲುಗಾರನಿಗೆ ಒಂದು ಡ್ಯೂಟಿ ಹೋಗುತ್ತದೆ, ನಾಲ್ಕು ಸಲ ಹೋದರೆ ನಾಲ್ಕು ಡ್ಯೂಟಿ. ಈ ಲೆಕ್ಕ ನಿಮಗೂ ಚೆನ್ನಾಗಿ ಗೊತ್ತಿರುವುದರಿಂದಲೇ ಇಷ್ಟು ಧೈರ್ಯವಾಗಿ ಹಿಡಿಯುತ್ತೀರಿ. ಆದ್ದರಿಂದ ಅವರು ಹೋಗುವ ದಿನ ಸಂಘದವರೂ ಜೊತೆಗೆ ಹೋಗಬೇಕು, ನಮ್ಮ ಬಿಲ್ಲುಗಳನ್ನು ಕೈಯಲ್ಲಿ ಹಿಡಿದುಕೊಂಡು. ಸಮವಸ್ತ್ರಕ್ಕೂ ಪಿಎಫ್‌ಗೂ ಎರಡೆರಡು ಸಲ ಹಣ ತೆಗೆದುಕೊಂಡದ್ದಕ್ಕೆ ನಮ್ಮ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಬೇಡ.

ನಿಮ್ಮಿಂದ ನಾನು ಕೇಳುವುದು ಇಷ್ಟು. ಕಳೆದ ಮೂರು ವರ್ಷಗಳಲ್ಲಿ ಮಾಲೀಕರ ಪಾಲಿನ ಪಿಎಫ್, ಇಎಸ್‌ಐ, ಸಮವಸ್ತ್ರ, ವೃತ್ತಿ ತೆರಿಗೆ ಎಂದು ಹಿಡಿದದ್ದನ್ನೆಲ್ಲ ಒಬ್ಬೊಬ್ಬರ ಹೆಸರಿನಲ್ಲಿ ಲೆಕ್ಕ ಮಾಡಿ ಅವರವರ ಖಾತೆಗೆ ಹಾಕಿ. ಕೆಲಸ ಬಿಟ್ಟು ಊರಿಗೆ ಹೋದವರ ಖಾತೆ ಸಂಖ್ಯೆಯೂ ನಿಮ್ಮ ಬಳಿ ಇದೆ, ಅವರಿಗೂ ಹಾಕಿ. ಎಲ್ಲರ ಯುಎಎನ್ ಸಂಖ್ಯೆಯನ್ನು ಅವರ ಕೈಗೆ ಕೊಡಿ. ದಂಡದ ರಿಜಿಸ್ಟರನ್ನೂ ಆ ಹಣ ಎಲ್ಲಿ ಖರ್ಚಾಯಿತು ಎಂಬುದನ್ನೂ ಗೇಟಿನ ಕೋಣೆಯಲ್ಲಿ ಅಂಟಿಸಿ. ಮುಂದಿನ ತಿಂಗಳ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ. ಸಂಬಳ ಏಳನೇ ತಾರೀಖಿನೊಳಗೆ ಬರಲಿ. ಏಳು ದಾಟಿದರೆ ಎಂಟನೇ ತಾರೀಖು ನಾನು ನಮ್ಮ ಸಂಘದ ಸಭೆಯಲ್ಲಿ ನಿಮ್ಮ ಬಿಲ್ಲನ್ನು ತಡೆಹಿಡಿಯಲು ಕೇಳುತ್ತೇನೆ, ಕಾವಲುಗಾರರ ಸಂಬಳವನ್ನು ಸಂಘವೇ ನೇರವಾಗಿ ಕೊಟ್ಟು ಆ ಮೊತ್ತವನ್ನು ನಿಮ್ಮ ಬಿಲ್ಲಿನಿಂದ ಕಳೆಯಲು ಕೇಳುತ್ತೇನೆ, ಮತ್ತು ಅರ್ಜಿಯ ಕರಡನ್ನು ಅವರೊಡನೆ ಕೂತು ಬರೆಯಲು ಶುರುಮಾಡುತ್ತೇನೆ.

ಇಂತಿ,
ಅಪಾರ್ಟ್‌ಮೆಂಟ್ ಸಂಘವೊಂದರ ಲೆಕ್ಕ ನೋಡುವವನು
ಬೆಂಗಳೂರು